ನಡುವೆ ಕಂದಿದ ಗಾಜು

ಸುಪ್ರಜಾ ಐಪೀಸಿನಿಂದ ಕಣ್ಣು ತೆಗೆದು, ದುಪಟ್ಟಾದ ಅಂಚಿನಿಂದ ಗಾಜನ್ನು ಒರೆಸಿ, ಮತ್ತೆ ಕಣ್ಣಿಟ್ಟಳು. ತಪ್ಪು ಕಣ್ಣಿನದಾಗಿರಲಿಲ್ಲ. ಹೋದ ವಾರ ಇದೇ ಗಾಜಿನಲ್ಲಿ, ಜಪ್ತಿಯಾದ ಸಾಮಾನು ಇಡುವ ಠಾಣೆಯ ಮಾಲ್‌ಖಾನೆಯೆಲ್ಲ ಬೆಲ್ಲದ ಪಾಕದಲ್ಲಿ ಮುಳುಗಿದಂತೆ ಕಂಡಿತ್ತು. ಇವತ್ತು ಅದು ತಿಳಿ ಟೀಯ ಬಣ್ಣಕ್ಕೆ ಇಳಿದಿತ್ತು. ಎದುರು ಗೋಡೆಯ ಕ್ಯಾಲೆಂಡರಿನಲ್ಲಿದ್ದ ಲಕ್ಷ್ಮಿಯ ಮೂಗುತಿ ಕೂಡ ಕಾಣುತ್ತಿತ್ತು.

“ಇದು ತಿಳಿಯಾಗ್ತಾ ಇದೆ ಸಾರ್,” ಅಂದಳು.

ಇನ್ಸ್‌ಪೆಕ್ಟರ್ ಓಬಳಪ್ಪ ಬಾಗಿಲಿಗೆ ಒರಗಿ ನಿಂತು ಕತ್ತಿನ ಬೆವರು ಒರೆಸಿಕೊಳ್ಳುತ್ತಿದ್ದರು. “ತಿಳಿಯಾದ್ರೆ ಒಳ್ಳೇದೇ ಅಲ್ವಾ ಮೇಡಂ? ಚೆನ್ನಾಗಿ ಕಾಣತ್ತೆ.”

ಇಡೀ ಪ್ರಕರಣದಲ್ಲಿ ಅವಳ ಕೈಗೆ ಸಿಕ್ಕಿದ್ದ ಒಂದೇ ಒಂದು ಸಾಕ್ಷಿ ಆ ಕಂದು ಬಣ್ಣ. ಅದನ್ನು ಯಾರೂ ಕದಿಯುತ್ತಿರಲಿಲ್ಲ, ಯಾರೂ ಅಳಿಸುತ್ತಿರಲಿಲ್ಲ. ಬೀಗ ಹಾಕಿದ ಕೋಣೆಯೊಳಗೆ ಅದು ತಾನಾಗಿ ಹೋಗಿಬಿಡುತ್ತಿತ್ತು.

ಮೇಜಿನ ಮೇಲೆ ಸುರುಳಿಯಾಗಿ ಬಿದ್ದಿದ್ದದ್ದು ಬೆರಳಿನಷ್ಟು ದಪ್ಪದ, ಕರಿ ಹೊದಿಕೆಯ ಉದ್ದ ಕೊಳವೆ. ಒಳಗೆ ಕೂದಲಿಗಿಂತ ತೆಳುವಾದ ಸಾವಿರಾರು ಗಾಜಿನ ಎಳೆಗಳು. ಮನುಷ್ಯ ಕಾಲಿಡಬಾರದ ಜಾಗಕ್ಕೆ ಒಂದು ತುದಿಯನ್ನು ತೂರಿಸಿ ಇನ್ನೊಂದು ತುದಿಗೆ ಕಣ್ಣಿಟ್ಟರೆ, ಅಲ್ಲಿರುವುದು ಇಲ್ಲಿ ಕಾಣುತ್ತದೆ. ಫೈಬರ್‌ಸ್ಕೋಪ್ ಅಂತ ಹೆಸರು. ಪೊಲೀಸರು ಅದನ್ನು ಚಾಮರಾಜಪೇಟೆಯ ಹರಿದ್ರಾ ಟೆಸ್ಟಿಂಗ್ ಲ್ಯಾಬಿನಿಂದ ತಂದಿದ್ದರು.

ತರಗುಪೇಟೆಯ ವರ್ತಕರ ಮಸಾಲೆ ಸ್ಯಾಂಪಲ್‌ಗಳನ್ನು, ಆಸ್ಪತ್ರೆಗಳ ಬ್ಯಾಂಡೇಜ್ ಬಟ್ಟೆಯನ್ನು ವಿಕಿರಣಕ್ಕೊಡ್ಡಿ ಪರೀಕ್ಷಿಸುವ ಲ್ಯಾಬು ಅದು. ಅಲ್ಲಿನ ಸೀಸದ ಕೋಣೆಯಿಂದ ಪೆನ್ಸಿಲ್ ತುಂಡಿನಷ್ಟು ದೊಡ್ಡ ಕೋಬಾಲ್ಟ್ ಕಡ್ಡಿಯೊಂದು ಕಾಣೆಯಾಗಿತ್ತು. ಹತ್ತಿರ ಇದ್ದವರನ್ನು ಸದ್ದಿಲ್ಲದೆ ಸುಡುವ ಕಡ್ಡಿ. ಎಂಜಿನಿಯರ್ ಶ್ರೀಹರಿ ಬಲಗೈ ಸುಟ್ಟುಕೊಂಡು, ರಕ್ತ ಕೆಟ್ಟು, ಗಂಟಲಿನಲ್ಲಿ ನಳಿಕೆಯೊಂದಿಗೆ ಆಸ್ಪತ್ರೆಯಲ್ಲಿ ಮಲಗಿದ್ದ. ಮಾತಿಲ್ಲ. ಅವನ ಕೋಣೆಯ ಬಾಗಿಲಲ್ಲಿ ಕಾನ್‌ಸ್ಟೇಬಲ್ ಕೂತಿದ್ದ, ಅವನನ್ನು ಕಾಪಾಡುವುದಕ್ಕಲ್ಲ. ಕದ್ದವನು ಅವನೇ ಎಂದು ಓಬಳಪ್ಪ ತೀರ್ಮಾನಿಸಿ ಆಗಿತ್ತು. ಅಲ್ಲ ಎಂದು ತೋರಿಸಿಕೊಡಿ ಎಂದು ಅವನ ಹೆಂಡತಿ ಆರಾಧನಾ ಗಾಂಧಿ ಬಜಾರಿನ ಹೂವಿನಂಗಡಿಯ ಮೇಲಿದ್ದ ಸುಪ್ರಜಾಳ ಸಣ್ಣ ಪತ್ತೇದಾರಿ ಆಫೀಸಿನ ಮೆಟ್ಟಿಲು ಹತ್ತಿ ಬಂದಿದ್ದಳು.

ಲ್ಯಾಬಿನ ಮಾಲೀಕ ಬದರೀನಾರಾಯಣರ ಹೇಳಿಕೆ ಚೊಕ್ಕವಾಗಿತ್ತು. ಪ್ರತಿ ಸೋಮವಾರ ತಾನೇ ಫೈಬರ್‌ಸ್ಕೋಪಿನ ತುದಿಯನ್ನು ಸೀಸದ ಕೋಣೆಯೊಳಗೆ ಬಿಟ್ಟು ಕಡ್ಡಿ ಜಾಗದಲ್ಲಿದೆಯೇ ಎಂದು ನೋಡುತ್ತಿದ್ದೆ. ವಿಕಿರಣ ತಾಗಿದರೆ ಗಾಜು ಕಂದುತ್ತದೆ. ಚಿತ್ರ ವಾರದಿಂದ ವಾರಕ್ಕೆ ಕಂದುತ್ತಲೇ ಇತ್ತು, ಬೇಕಾದರೆ ನೀವೇ ನೋಡಿ. ಅಂದರೆ ಕಡ್ಡಿ ಅಲ್ಲೇ ಇತ್ತು. ಶ್ರೀಹರಿ ಒಳಗೆ ಹೋಗಿ ಕೈ ಸುಟ್ಟುಕೊಂಡ ದಿನದಿಂದ ಅದು ಇಲ್ಲ.

ಆ ಮಾತಿಗೆ ಎದುರಾಡಲು ಸುಪ್ರಜಾ ಬಳಿ ಏನೂ ಇರಲಿಲ್ಲ. ಗಾಜು ನಿಜಕ್ಕೂ ಕಂದಿತ್ತು. ಆದರೆ ಎಲ್ಲಿ ಕಂದಿದೆ ಎಂದು ಯಾರೂ ನೋಡಿರಲಿಲ್ಲ. ಹೊದಿಕೆ ಬಿಚ್ಚದೆ ಅದು ತಿಳಿಯುವಂತಿರಲಿಲ್ಲ, ಬಿಚ್ಚಲು ಓಬಳಪ್ಪ ಬಿಟ್ಟಿರಲಿಲ್ಲ.

ಅವಳು ಠಾಣೆಯ ಹೊರಗೆ ಹೋಗಿ, ಹೊಂಗೆ ಮರದ ಕೆಳಗೆ ನಿಂತು, ಶೈಲಜಮ್ಮನವರಿಗೆ ಫೋನು ಮಾಡಿದಳು. ಕಾಲೇಜಿನಲ್ಲಿ ಅವಳಿಗೆ ಭೌತಶಾಸ್ತ್ರ ಹೇಳಿಕೊಟ್ಟವರು. ಜೀವಮಾನವೆಲ್ಲ ಗಾಜಿನ ಮೇಲೆಯೇ ಸಂಶೋಧನೆ ಮಾಡಿದವರು.

“ಅದನ್ನ ಎಲ್ಲಿಟ್ಟಿದಾರೆ?” ಎಂದು ಕೇಳಿದರು ಶೈಲಜಮ್ಮ.

“ಮಾಲ್‌ಖಾನೆಯಲ್ಲಿ. ತಗಡಿನ ಮಾಡು.”

“ಏಪ್ರಿಲ್ ತಿಂಗಳಲ್ಲಿ, ತಗಡಿನ ಕೆಳಗೆ. ಸುಪ್ರಜಾ, ಆ ಬಣ್ಣ ಶಾಶ್ವತ ಅಲ್ಲ. ಬಿಸಿ ತಾಗಿದ್ರೆ ಗಾಜು ತಾನಾಗೇ ತಿಳಿಯಾಗತ್ತೆ. ಬೆಳಕು ಜಾಸ್ತಿ ಬಿದ್ರೂ ಆಗತ್ತೆ. ಇನ್ನೊಂದು ವಾರ ಅಲ್ಲೇ ಬಿಟ್ರೆ ನನ್ನ ಹತ್ರ ತಂದು ಏನೂ ಪ್ರಯೋಜನ ಇಲ್ಲ.”

ಅವತ್ತಿನ ಉಳಿದ ಬೆಳಗ್ಗೆಯೆಲ್ಲ ಕೋರ್ಟಿನಲ್ಲಿ ಹೋಯಿತು. ಜಪ್ತಿಯಾದ ಮುದ್ದೆಮಾಲನ್ನು ಕತ್ತರಿಸಲು ನ್ಯಾಯಾಧೀಶರ ಅಪ್ಪಣೆ ಬೇಕಿತ್ತು. ಅರ್ಜಿ ಹೋದ ವಾರವೇ ಹೋಗಿತ್ತು. ಅದು ಯಾವ ಮೇಜಿನ ಮೇಲಿದೆ ಎಂದು ಕೇಳಿದರೆ ಪ್ರತಿ ಮೇಜಿನವರೂ ಪಕ್ಕದ ಮೇಜನ್ನು ತೋರಿಸಿದರು. ಕಡೆಗೆ ಸಿಕ್ಕಾಗ ಅದರ ಮೇಲೆ ಯಾರೋ ಕಾಫಿ ಲೋಟ ಇಟ್ಟಿದ್ದರು. ಅಪ್ಪಣೆಯೇನೋ ಸಿಕ್ಕಿತು. ಹೊದಿಕೆಯನ್ನು ಮಾತ್ರ ಸೀಳಬಹುದು, ಗಾಜಿನ ಒಂದು ಎಳೆಯೂ ಮುರಿಯಬಾರದು, ಇನ್ಸ್‌ಪೆಕ್ಟರು ಖುದ್ದಾಗಿ ಇರಬೇಕು. ತಜ್ಞರು ಯಾರು ಎಂಬ ಜಾಗದಲ್ಲಿ ಅವಳು ಯಾರ ಹೆಸರನ್ನೂ ಹಾಕಿರಲಿಲ್ಲ. ಹಾಕಿದ್ದರೆ ಬದರೀನಾರಾಯಣರ ವಕೀಲರು ಅದನ್ನೇ ಹಿಡಿದು ಇನ್ನೊಂದು ತಿಂಗಳು ಎಳೆಯುತ್ತಿದ್ದರು.

ಫೈಬರ್‌ಸ್ಕೋಪನ್ನು ತೆಗೆದುಕೊಂಡು ಮಲ್ಲೇಶ್ವರಕ್ಕೆ ಹೊರಟ ಜೀಪು ಉಪ್ಪಾರಪೇಟೆಯ ಹತ್ತಿರ ಸಿಕ್ಕಿಹಾಕಿಕೊಂಡಿತು. ಮುಂದೆ ಬಸ್ಸು, ಹಿಂದೆ ಬಸ್ಸು, ಪಕ್ಕದಲ್ಲಿ ಲಾಡ್ಜಿನ ಮುಂದೆ ಸೂಟ್‌ಕೇಸ್ ಇಳಿಸುತ್ತಿದ್ದ ಆಟೋ. ಬಿಸಿಲು ಗಾಜಿನ ಮೂಲಕ ನೇರವಾಗಿ ಅವಳ ತೊಡೆಯ ಮೇಲಿದ್ದ ಸುರುಳಿಗೆ ಬೀಳುತ್ತಿತ್ತು. ಅವಳು ಇಳಿದು, ಫುಟ್‌ಪಾತಿನಲ್ಲಿ ಎರಡು ಟವೆಲ್ ಕೊಂಡು, ನೀರಿನ ಬಾಟಲಿಯನ್ನು ಅವುಗಳ ಮೇಲೆ ಖಾಲಿ ಮಾಡಿ, ಫೈಬರ್‌ಸ್ಕೋಪಿಗೆ ಸುತ್ತಿಕೊಂಡು ಕೂತಳು.

“ಜ್ವರ ಬಂದ ಮಗೂಗೆ ಹಾಕ್ದಂಗೆ ಹಾಕಿದೀರಲ್ಲ ಮೇಡಂ,” ಅಂದರು ಓಬಳಪ್ಪ. ಆಮೇಲೆ, ಹೋಗಬೇಕಾದ್ದು ಯಾರ ಮನೆಗೆ ಎಂದು ಕೇಳಿದರು. ಅಲ್ಲಿಯವರೆಗೂ ಮಲ್ಲೇಶ್ವರ ಎಂದಷ್ಟೇ ಅವರಿಗೆ ಗೊತ್ತಿತ್ತು. ಅವಳು ಹೆಸರು, ವಿಳಾಸ ಎರಡನ್ನೂ ಹೇಳಿದಳು.

ಶೈಲಜಮ್ಮ ಕಿಟಕಿಯ ಪರದೆಗಳನ್ನೆಲ್ಲ ಎಳೆದು, ಊಟದ ಮೇಜಿನ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ ಕಾಯುತ್ತಿದ್ದರು. ಕಾಫಿಯ ಮಾತೆತ್ತಲಿಲ್ಲ. ಕೈತೊಳೆದು ಬನ್ನಿ ಎಂದು ಇನ್ಸ್‌ಪೆಕ್ಟರಿಗೂ ಹೇಳಿದರು, ಅವರು ಮರುಮಾತಿಲ್ಲದೆ ತೊಳೆದು ಬಂದರು.

ಹೊದಿಕೆಯನ್ನು ತುದಿಯಿಂದ ಸೀಳುತ್ತಾ ಹೋದಂತೆ ಶೈಲಜಮ್ಮ ಓಬಳಪ್ಪನವರಿಗಾಗಿ ವಿವರಿಸುತ್ತಾ ಹೋದರು. ಗಾಜಿನೊಳಗೆ ವಿಕಿರಣ ಹಾದುಹೋದಾಗ ಅದರ ಕಣಗಳ ಜೋಡಣೆಯಲ್ಲಿ ಸಣ್ಣ ಸಣ್ಣ ದೋಷಗಳು ಹುಟ್ಟುತ್ತವೆ. ಆ ದೋಷಗಳು ಬೆಳಕನ್ನು ನುಂಗುತ್ತವೆ, ನೀಲಿಯನ್ನು ಮೊದಲು ನುಂಗುತ್ತವೆ. ಹಾಗಾಗಿ ಉಳಿದದ್ದು ಹಳದಿಯಾಗಿ, ಆಮೇಲೆ ಕಂದಾಗಿ ಕಾಣುತ್ತದೆ. ಕಬ್ಬಿಣಕ್ಕೆ, ಗೋಡೆಗೆ, ಮರಕ್ಕೆ ನೋಡಿದರೆ ಕಾಣುವಂಥದ್ದು ಏನೂ ಆಗುವುದಿಲ್ಲ. ಕಡ್ಡಿಯನ್ನು ಅಲ್ಲಿಂದ ತೆಗೆದರೆ ಅಲ್ಲಿ ಇತ್ತು ಅನ್ನುವುದಕ್ಕೆ ಯಾವ ಗುರುತೂ ಉಳಿಯುವುದಿಲ್ಲ. ಗಾಜಿನಲ್ಲಿ ಮಾತ್ರ ಸ್ವಲ್ಪ ಕಾಲ ಉಳಿಯುತ್ತದೆ.

“ಯಾವ ಭಾಗ ಕಡ್ಡಿಗೆ ಹತ್ತಿರ ಇತ್ತೋ ಆ ಭಾಗ ಜಾಸ್ತಿ ಕಂದಿರತ್ತೆ,” ಅಂದರು. “ನಿಮ್ಮ ಮಾಲೀಕರು ಹೇಳೋ ಹಾಗೆ ಇದು ವಾರವಾರ ಒಳಗೆ ಹೋಗಿ ಕಡ್ಡೀನ ನೋಡ್ತಿದ್ರೆ, ಎಲ್ಲಕ್ಕಿಂತ ಕಪ್ಪಾಗಬೇಕಾದ್ದು ಈ ತುದಿ.”

ತುದಿಯ ಹೊದಿಕೆ ಬಿಚ್ಚಿಕೊಂಡಿತು. ಒಳಗಿನ ಎಳೆಗಳು ಹೊಸದಾಗಿ ತೊಳೆದ ಲೋಟದಂತೆ ಹೊಳೆದವು. ಒಂದಿಷ್ಟೂ ಬಣ್ಣವಿರಲಿಲ್ಲ.

ಓಬಳಪ್ಪ ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಬಗ್ಗಿ ನೋಡಿದರು.

ಬ್ಲೇಡು ಮುಂದೆ ಹೋಯಿತು. ತುದಿಯಿಂದ ಬಹಳ ದೂರದವರೆಗೆ ಗಾಜು ಹಾಗೇ ಇತ್ತು. ಆಮೇಲೆ ಒಂದು ಕಡೆ ಹಳದಿ ಕಾಣಿಸಿಕೊಂಡು, ಮೆಲ್ಲಗೆ ಕಂದಾಗಿ, ಮತ್ತೆ ಹಳದಿಯಾಗಿ, ತಿಳಿಯಾಯಿತು. ಇನ್ನಷ್ಟು ದೂರ ಹೋದ ಮೇಲೆ ಮತ್ತೊಂದು ಕಂದು ಪಟ್ಟೆ. ಮತ್ತೆ ತಿಳಿ. ಮತ್ತೆ ಪಟ್ಟೆ. ಪಟ್ಟೆಯಿಂದ ಪಟ್ಟೆಗೆ ದೂರ ಒಂದೇ ಸಮ ಇತ್ತು.

ಸುಪ್ರಜಾ ಆ ಪಟ್ಟೆಗಳನ್ನೇ ನೋಡುತ್ತಾ ನಿಂತಳು. ಶೈಲಜಮ್ಮನವರ ಹೊಲಿಗೆ ಡಬ್ಬಿಯಿಂದ ದಾರ ತೆಗೆದುಕೊಂಡು, ಎರಡು ಪಟ್ಟೆಗಳ ನಡುವಿನ ದೂರಕ್ಕೆ ಹಿಡಿದು ಕತ್ತರಿಸಿ, ಎರಡು ತುದಿ ಸೇರಿಸಿ ಗಂಟು ಹಾಕಿ, ಮೇಜಿನ ಮೇಲೆ ಗುಂಡಗೆ ಹರಡಿದಳು. ದೊಡ್ಡ ಪರಾತದಷ್ಟು ಅಗಲದ ಒಂದು ಸುತ್ತು.

“ಸುತ್ತಿಟ್ಟಿದ್ರು,” ಅಂದಳು. “ಇಷ್ಟಗಲಕ್ಕೆ ಸುತ್ತಿಟ್ಟಾಗ, ಪ್ರತಿ ಸುತ್ತಿನದೂ ಒಂದೇ ಪಕ್ಕ ಕಡ್ಡಿ ಕಡೆಗೆ ಇತ್ತು. ಇದು ಕಡ್ಡೀನ ನೋಡಿ ಕಂದಿದ್ದಲ್ಲ ಸಾರ್. ಕಡ್ಡಿ ಪಕ್ಕದಲ್ಲಿ ನೇತುಹಾಕಿ ಕಂದಿದ್ದು. ಕಡ್ಡಿ ಸೀಸದ ಕೋಣೆಯಲ್ಲಿ ಇರಲೇ ಇಲ್ಲ.”

ಎಷ್ಟು ಕಾಲ ಎಂದು ಓಬಳಪ್ಪ ಕೇಳಿದರು. ವಾರಗಟ್ಟಲೆ ಇರಬೇಕು ಎಂದರು ಶೈಲಜಮ್ಮ. ಬಿಸಿಲಿನಲ್ಲಿ ಎಷ್ಟು ಬಣ್ಣ ಹೋಗಿದೆಯೋ ಯಾರಿಗೆ ಗೊತ್ತು, ಹೋದ ವಾರವೇ ತಂದಿದ್ದರೆ ಇನ್ನೂ ಖಚಿತವಾಗಿ ಹೇಳುತ್ತಿದ್ದೆ ಎಂದು ಸೇರಿಸಿದರು. ಓಬಳಪ್ಪ ಆ ಮಾತು ಕೇಳಿಸದವರಂತೆ ದಾರದ ಸುತ್ತನ್ನು ನೋಡುತ್ತಿದ್ದರು.

ಪಟ್ಟೆಗಳ ಫೋಟೋ ತೆಗೆದು, ಫೈಬರ್‌ಸ್ಕೋಪನ್ನು ಮತ್ತೆ ಸೀಲ್ ಮಾಡಿ, ಮಾಲ್‌ಖಾನೆಗೆ ಬೇಡ, ತಣ್ಣಗಿರುವ ನಿಮ್ಮ ರೂಮಿನಲ್ಲೇ ಇಡಿ ಎಂದು ಓಬಳಪ್ಪನವರನ್ನು ಬೇಡಿಕೊಂಡು, ಸುಪ್ರಜಾ ದಾರವನ್ನು ಪರ್ಸಿಗೆ ಹಾಕಿಕೊಂಡಳು. ಇನ್ನು ಉಳಿದದ್ದು ಇಷ್ಟೇ. ಲ್ಯಾಬಿನಲ್ಲಿ ಈ ಅಗಲಕ್ಕೆ ಸುತ್ತುವ ಜಾಗ ಎಲ್ಲಿದೆಯೋ, ಅದರ ಪಕ್ಕದಲ್ಲಿ ಏನಿದೆಯೋ, ಅದು ಯಾರ ಕೈಯಲ್ಲಿತ್ತೋ ನೋಡುವುದು. ಚಾಮರಾಜಪೇಟೆಗೆ ಹಿಂತಿರುಗುವ ದಾರಿಯಲ್ಲಿ ಟ್ರಾಫಿಕ್ಕು ಇನ್ನೂ ಕೆಟ್ಟಿತ್ತು, ಆದರೆ ಅವಳಿಗೆ ಅದು ತಿಳಿಯಲೇ ಇಲ್ಲ. ಬದರೀನಾರಾಯಣರು ಏನು ಹೇಳಬಹುದು, ಅದಕ್ಕೆ ತಾನು ಏನು ಕೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು.

ಹರಿದ್ರಾ ಲ್ಯಾಬು ಹಳೆಯ ಕಾಲದ ಎರಡು ಮನೆಗಳನ್ನು ಒಂದು ಮಾಡಿ ಕಟ್ಟಿದ್ದು. ಮುಂದಿನ ಜಗಲಿ, ಕಂಬಗಳು ಹಾಗೇ ಇದ್ದವು. ಹಿಂದೆ ಸೀಸದ ಕೋಣೆ. ಬದರೀನಾರಾಯಣರು ಅರವತ್ತರ ಆಸುಪಾಸಿನವರು, ಇಸ್ತ್ರಿ ಕೆಡದ ಬಿಳಿ ಅಂಗಿ, ಯಾವಾಗಲೂ ತಗ್ಗಿದ ದನಿ. ಎದ್ದು ನಿಂತು ಬರಮಾಡಿಕೊಂಡರು. ಶ್ರೀಹರಿ ಹೇಗಿದ್ದಾನೆ ಎಂದು ಮೊದಲು ಕೇಳಿದರು. ಮಜ್ಜಿಗೆ ತರಿಸಿದರು. ಸುಪ್ರಜಾ ಮುಟ್ಟಲಿಲ್ಲ, ಓಬಳಪ್ಪ ಕುಡಿದರು.

ಫೈಬರ್‌ಸ್ಕೋಪನ್ನು ಎಲ್ಲಿ ಇಡುತ್ತಿದ್ದಿರಿ ಎಂದು ಅವಳು ಕೇಳಿದಳು. ಅವರು ಒಂದಿಷ್ಟೂ ಯೋಚಿಸದೆ ಒಳಗಿನ ಕಾರಿಡಾರಿಗೆ ಕರೆದೊಯ್ದು ತೋರಿಸಿದರು. ಗೋಡೆಗೆ ಮರದ ಚಕ್ರವೊಂದನ್ನು ಬಡಿದಿದ್ದರು, ತೋಟದ ನೀರಿನ ಪೈಪು ಸುತ್ತಿಡುವಂಥದ್ದು. ಕಂಪನಿಯವರು ಕೊಟ್ಟ ಪೆಟ್ಟಿಗೆಯಲ್ಲಿ ಬಿಗಿಯಾಗಿ ಸುತ್ತಿದರೆ ಎಳೆ ಮುರಿಯುತ್ತದೆಂದು ಹೀಗೆ ಮಾಡಿದ್ದಂತೆ.

ಸುಪ್ರಜಾ ಪರ್ಸಿನಿಂದ ದಾರ ತೆಗೆದು ಚಕ್ರಕ್ಕೆ ಹಾಕಿದಳು. ಬಳೆ ಕೈಗೆ ಕೂತಂತೆ ಕೂತಿತು.

ಚಕ್ರದ ಎಡಕ್ಕೆ ಕಿಟಕಿ, ಆಚೆ ಬಯಲು. ಬಲಕ್ಕೆ, ಒಂದು ಗೇಣೂ ಬಿಡದೆ, ಸ್ಟೀಲಿನ ಕಪಾಟು.

“ಕಡ್ಡಿ ಈ ಕಪಾಟಿನಲ್ಲಿತ್ತು,” ಅಂದಳು. “ವಾರಗಟ್ಟಲೆ. ಫೈಬರ್‌ಸ್ಕೋಪಿನ ತುದಿ ಹೊಸದರ ಹಾಗಿದೆ. ಚಕ್ರಕ್ಕೆ ಸುತ್ತಿದಾಗ ಕಪಾಟಿನ ಕಡೆಗಿದ್ದ ಭಾಗ ಮಾತ್ರ ಕಂದಿದೆ. ಅಂದ್ರೆ ನೀವು ಸೋಮವಾರ ಸೋಮವಾರ ನೋಡ್ತಿದ್ದ ಜಾಗದಲ್ಲಿ ಕಡ್ಡಿ ಇರಲಿಲ್ಲ. ನೀವು ಕಂಡೆ ಅಂತ ಬರೆದುಕೊಟ್ಟಿದೀರಿ.”

ಬದರೀನಾರಾಯಣರ ಮುಖ ಬದಲಾಗುತ್ತದೆಂದು ಅವಳು ಕಾದಳು. ಬದಲಾಗಲಿಲ್ಲ. ಅವರು ಚಕ್ರವನ್ನೂ ಕಪಾಟನ್ನೂ ಒಂದಾದ ಮೇಲೊಂದರಂತೆ ನೋಡಿ, ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಮೆಲ್ಲಗೆ ಕೂತರು.

“ಕಂಡಿದ್ದು ನಿಜ ಅಮ್ಮ,” ಅಂದರು. “ಒಂದು ಕಡ್ಡಿ ಕಂಡೆ. ಅದೇ ಗಾತ್ರ, ಅದೇ ಜಾಗ. ಕಂದು ಬಣ್ಣದಲ್ಲಿ ಕಬ್ಬಿಣದ ತುಂಡು ಯಾವುದು, ಕೋಬಾಲ್ಟ್ ಯಾವುದು ಅಂತ ಹೇಗೆ ಹೇಳ್ಲಿ? ಯಾರೋ ಅಂಥದ್ದೇ ಒಂದು ತುಂಡಿಟ್ಟು ನನಗೆ ಮೋಸ ಮಾಡಿದಾರೆ.”

“ಕೋಣೆಯಲ್ಲಿ ಮೀಟರ್ ಇರಬೇಕಲ್ಲ. ಅದು ಸೊನ್ನೆ ತೋರಿಸಲಿಲ್ವಾ?”

“ಮೀಟರು ರಿಪೇರಿಗೆ ಹೋಗಿತ್ತು. ಕಳಿಸಿದ್ದು ಶ್ರೀಹರಿನೇ. ಕೇಳಿದಾಗೆಲ್ಲ ನಾಳೆ ಬರತ್ತೆ, ನಾಡಿದ್ದು ಬರತ್ತೆ ಅಂತಿದ್ದ.”

“ಯಾರೋ ಅಂದ್ರಿ. ಯಾರು?”

ಬದರೀನಾರಾಯಣರು ಕಪಾಟಿನ ಬಾಗಿಲನ್ನು ಸ್ವಲ್ಪ ಎಳೆದು ಬೆಳಕಿಗೆ ತಿರುಗಿಸಿದರು. ಮೇಲಿನ ಮೂಲೆಯಲ್ಲಿ ಬಿಳಿ ಪಟ್ಟಿ ಅಂಟಿಸಿತ್ತು. ಅಂಚು ಸವೆದಿದ್ದರೂ ಹೆಸರು ಚೆನ್ನಾಗಿಯೇ ಕಾಣುತ್ತಿತ್ತು. ಶ್ರೀಹರಿ.

“ಬೀಗದ ಕೈ ಅವನ ಹತ್ರ ಮಾತ್ರ ಇತ್ತು,” ಅಂದರು. ದನಿಯಲ್ಲಿ ಗೆಲುವಿರಲಿಲ್ಲ, ದುಃಖವಿತ್ತು, ಅಥವಾ ದುಃಖದಂಥದ್ದೇ ಏನೋ. “ನಾನು ಇಷ್ಟು ದಿನ ಅವನು ದುಡುಕಿ ಒಳಗೆ ಹೋದ ಅಂತಲೇ ಅಂದುಕೊಂಡಿದ್ದೆ. ಇಷ್ಟು ಮುಂಚೆಯಿಂದ ಮಾಡ್ತಿದ್ದ ಅಂತ ನೀವು ಹೇಳಿದ ಮೇಲೆ ಗೊತ್ತಾಗ್ತಿದೆ.”

ಸುಪ್ರಜಾ ಆ ಹೆಸರನ್ನೇ ನೋಡಿದಳು. ಒಂದು ವಾರ ಕಾದು, ಮೇಜಿನಿಂದ ಮೇಜಿಗೆ ಅಲೆದು, ಒದ್ದೆ ಟವೆಲ್ ಸುತ್ತಿ ಜೋಪಾನ ಮಾಡಿ ತಂದ ಸಾಕ್ಷಿ ಅದು. ಅದನ್ನು ತಾನೇ ತನ್ನ ಕೈಯಾರೆ ಶ್ರೀಹರಿಯ ಕೊರಳಿಗೆ ಕಟ್ಟಿದ್ದಳು.

ಓಬಳಪ್ಪ ಗಂಟಲು ಸರಿಮಾಡಿಕೊಂಡರು. “ಮೇಡಂ, ಬೇಜಾರು ಮಾಡ್ಕೋಬೇಡಿ. ನಾವು ಮಾಡಬೇಕಾದ ಕೆಲಸ ನೀವೇ ಮಾಡಿಕೊಟ್ರಿ.”

ಅವಳು ಬಿಡಲಿಲ್ಲ. ಕಪಾಟಿನ ಬೀಗವನ್ನು ಅಲುಗಾಡಿಸಿ ತೋರಿಸಿ, ಇದನ್ನು ಹೇರ್‌ಪಿನ್ನಿನಿಂದಲೂ ತೆಗೆಯಬಹುದು ಎಂದಳು. ತೆಗೆಯಬಹುದು, ಆದರೆ ತೆಗೆದವರು ಯಾರು ಎಂದು ತೋರಿಸಿ ಎಂದರು ಓಬಳಪ್ಪ. ತಾನೇ ಬಚ್ಚಿಟ್ಟ ಕಡ್ಡಿ ಹೊರಗೆ ಕಪಾಟಿನಲ್ಲಿರುವಾಗ ಶ್ರೀಹರಿ ಅವತ್ತು ಸೀಸದ ಕೋಣೆಯೊಳಗೆ ಹೋದದ್ದು ಯಾಕೆ ಎಂದು ಕೇಳಿದಳು. ಕೋಣೆಯಲ್ಲಿ ಸುಟ್ಟುಕೊಂಡ ಅಂತ ನೋಡಿದವರಿಲ್ಲ, ಬಿದ್ದದ್ದು ಅದರ ಬಾಗಿಲಲ್ಲಿ, ಕಪಾಟಿನಲ್ಲೇ ಕೈ ಹಾಕಿ ಸುಟ್ಟುಕೊಂಡಿರಬಹುದು ಎಂದರು ಬದರೀನಾರಾಯಣ. ಅದೂ ಸರಿಯಾಗಿಯೇ ಇತ್ತು. ಅವಳು ಎತ್ತಿದ ಪ್ರತಿ ಪ್ರಶ್ನೆಯೂ ಒಂದು ಸುತ್ತು ಬಂದು ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದವನ ಮೇಲೆಯೇ ಬೀಳುತ್ತಿತ್ತು.

ಸುಟ್ಟ ಕೈ ಅವನದೇ. ಆದರೆ ಕದ್ದವನು ಎಷ್ಟು ಸುಟ್ಟುಕೊಳ್ಳಬಹುದೋ, ಕದ್ದದ್ದು ಗೊತ್ತಿಲ್ಲದೆ ತನ್ನ ಕಪಾಟಿಗೆ ಕೈ ಹಾಕಿದವನೂ ಅಷ್ಟೇ ಸುಟ್ಟುಕೊಳ್ಳುತ್ತಾನೆ. ಆ ವ್ಯತ್ಯಾಸವನ್ನು ಯಾವ ಗಾಜೂ ಹೇಳುವಂತಿರಲಿಲ್ಲ.

ಅವಳು ಕಪಾಟಿನ ಬಾಗಿಲನ್ನು ಪೂರ್ತಿ ತೆಗೆದಳು. ಒಳಗೆ ಖಾಲಿ. ಒಂದು ಬಾಚಣಿಗೆಯೂ ಇಲ್ಲ, ಹಳೆ ಪೇಪರಿನ ಚೂರೂ ಇಲ್ಲ. ಪೊಲೀಸರು ಬಂದಾಗಲೂ ಹೀಗೇ ಇತ್ತೇ ಎಂದು ಕೇಳಿದಳು. ಹೀಗೇ ಇತ್ತು ಎಂದರು ಓಬಳಪ್ಪ. ಮುಂಬೈಯಿಂದ ಬಂದಿದ್ದ ವಿಕಿರಣ ತಜ್ಞರ ತಂಡದವರು ಮೀಟರ್ ಹಿಡಿದು ಲ್ಯಾಬಿನ ಮೂಲೆಮೂಲೆ ನೋಡಿದ್ದರು, ಬಸವನಗುಡಿಯಲ್ಲಿ ಶ್ರೀಹರಿಯ ಮನೆಯನ್ನೂ ನೋಡಿದ್ದರು. ಎಲ್ಲೂ ಏನೂ ಸಿಕ್ಕಿರಲಿಲ್ಲ.

“ದಿನಾ ಕೆಲಸಕ್ಕೆ ಬರೋನ ಕಪಾಟು ಇಷ್ಟು ಖಾಲಿ ಯಾಕಿದೆ?” ಎಂದಳು ಸುಪ್ರಜಾ.

“ಸಾಮಾನೆಲ್ಲ ಅವನ ಹೆಂಡತಿ ತಗೊಂಡು ಹೋದ್ರು,” ಅಂದರು ಬದರೀನಾರಾಯಣ. “ಅವತ್ತು ಸಂಜೆನೇ. ಬೀಗದ ಕೈ ಅವನ ಪ್ಯಾಂಟಿನ ಜೇಬಲ್ಲಿ ಇತ್ತಂತೆ, ಆಸ್ಪತ್ರೆಯವರು ಕೊಟ್ಟರಂತೆ. ಪಾಪ, ಅಳ್ತಾ ಇದ್ರು. ನಾನೇ ಚೀಲ ಕೊಟ್ಟು ಕಳಿಸಿದೆ. ನಿಮಗೆ ಹೇಳಿಲ್ವಾ ಅವರು?”

ಹೇಳಿರಲಿಲ್ಲ. ಓಬಳಪ್ಪ ನೆಲ ನೋಡುತ್ತಾ ನಿಂತಿದ್ದರು. ಸುಪ್ರಜಾ ಒಂದು ನಿಮಿಷ ಎಂದು ಹೇಳಿ ಹಿತ್ತಿಲಿಗೆ ಹೋದಳು. ಅಲ್ಲಿ ಹಲಗೆ ಮುಚ್ಚಿದ ಹಳೆಯ ಬಾವಿ, ಅದರ ಪಕ್ಕ ಒಣಹಾಕಿದ ಲ್ಯಾಬಿನ ಬಿಳಿ ಕೋಟುಗಳು. ಕೋಟುಗಳ ಆಚೆ ನಿಂತು ಆರಾಧನಾಗೆ ಫೋನು ಮಾಡಿದಳು.

“ಶ್ರೀಹರಿ ಕಪಾಟಿನಿಂದ ಸಾಮಾನು ತಂದ್ರಾ ನೀವು?”

“ತಂದೆ. ಅವತ್ತೇ.” ಆರಾಧನಾಳ ದನಿ ದಣಿದಿತ್ತು. “ಯಾಕೆ?”

“ನನಗ್ಯಾಕೆ ಹೇಳಲಿಲ್ಲ?”

“ಇವತ್ತಿನವರೆಗೂ ಯಾರೂ ಕೇಳಲಿಲ್ಲ. ಏನಿತ್ತು ಅದರಲ್ಲಿ? ರೇನ್‌ಕೋಟು, ಚಪ್ಪಲಿ, ಒಂದು ಊಟದ ಕ್ಯಾರಿಯರು.”

ಕ್ಯಾರಿಯರಿನ ಬಗ್ಗೆ ಸುಪ್ರಜಾ ಒಂದೊಂದಾಗಿ ಕೇಳಿದಳು. ಅದು ಆರಾಧನಾ ದಿನಾ ಕಟ್ಟಿಕೊಡುತ್ತಿದ್ದ ಕ್ಯಾರಿಯರಲ್ಲ. ಅವಳದು ಮನೆಯಲ್ಲೇ ಇತ್ತು. ಬೇರೆ ಯಾರದೋ ಇರಬೇಕು, ಶ್ರೀಹರಿಗೆ ಹುಷಾರಾದ ಮೇಲೆ ಕೇಳೋಣ ಎಂದುಕೊಂಡಿದ್ದಳು. ಕಲ್ಲು ತುಂಬಿದಷ್ಟು ಭಾರ ಇತ್ತಂತೆ. ಕೆಳಗಿನ ಡಬ್ಬಿ ಎಷ್ಟು ತಿರುಗಿಸಿದರೂ ಬಿಚ್ಚಲಿಲ್ಲವಂತೆ. ಬಸವನಗುಡಿಯವರೆಗೆ ಹೊರಲಾರದೆ, ಲ್ಯಾಬಿನಿಂದ ಎರಡು ಕ್ರಾಸ್ ಆಚೆ ಇದ್ದ ತವರುಮನೆಗೆ ತಂದಿಟ್ಟು, ಅವಳೂ ಅಲ್ಲೇ ಉಳಿದುಕೊಂಡಿದ್ದಳು. ಆ ಮನೆಯನ್ನು ಹುಡುಕಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

“ಮನೇಲಿ ಎಲ್ಲಿ ಇಟ್ಟಿದೀರಿ ಅದನ್ನ?”

“ಅಮ್ಮನ ಮಂಚದ ಕೆಳಗೆ ಇಟ್ಟಿದ್ದೆ.”

ಸುಪ್ರಜಾ ಬಾವಿಯ ಕಟ್ಟೆಗೆ ಕೈ ಊರಿದಳು. ಅಮ್ಮ ಹೇಗಿದ್ದಾರೆ ಎಂದು ಕೇಳಿದಳು. ಭಾಗೀರಥಮ್ಮನವರಿಗೆ ಎರಡು ಮೂರು ದಿನದಿಂದ ಊಟ ಸೇರುತ್ತಿರಲಿಲ್ಲ, ತಿಂದದ್ದೆಲ್ಲ ವಾಂತಿಯಾಗುತ್ತಿತ್ತು. ಪಕ್ಕದ ರಸ್ತೆಯ ಡಾಕ್ಟರು ಬಿಸಿಲಿಗೆ ಹೀಗಾಗಿದೆ ಎಂದು ಮಾತ್ರೆ ಕೊಟ್ಟಿದ್ದರು. ಅಳಿಯನ ಚಿಂತೆಯಲ್ಲಿ ಮಂಚ ಬಿಟ್ಟು ಏಳುತ್ತಲೇ ಇರಲಿಲ್ಲ.

“ಆರಾಧನಾ, ನಾನು ಹೇಳೋದನ್ನ ಸರಿಯಾಗಿ ಕೇಳಿ. ಆ ಕ್ಯಾರಿಯರ್ ಮುಟ್ಟಬೇಡಿ. ಅಮ್ಮನ್ನ ಎಬ್ಬಿಸ್ಕೊಂಡು ಈಗಲೇ ಆ ರೂಮಿಂದ, ಆ ಮನೆಯಿಂದಲೇ ಆಚೆ ಬನ್ನಿ.”

“ಅದು ಈಗ ಇಲ್ಲವಲ್ಲ,” ಅಂದಳು ಆರಾಧನಾ. “ನೀವೇ ಕಳಿಸಿದ್ರಲ್ಲ ಒಬ್ಬರನ್ನ.”

ಹಿತ್ತಿಲಿನ ಗಾಳಿಗೆ ಒಂದು ಕೋಟು ತಿರುಗಿ ಸುಪ್ರಜಾಳ ಭುಜಕ್ಕೆ ತಾಗಿತು. ಅವಳು ಅದನ್ನು ಸರಿಸಲಿಲ್ಲ.

“ನಾನು ಯಾರನ್ನೂ ಕಳಿಸಿಲ್ಲ.”

“ಬಂದ್ರಲ್ಲ, ಸ್ಕೂಟರಲ್ಲಿ. ಹೆಲ್ಮೆಟ್ ತೆಗೀಲಿಲ್ಲ. ಸುಪ್ರಜಾ ಮೇಡಂ ಹೇಳಿದಾರೆ, ಕಪಾಟಿನಲ್ಲಿದ್ದ ಕ್ಯಾರಿಯರ್ ಕೊಡಬೇಕಂತೆ, ಮಲ್ಲೇಶ್ವರದಲ್ಲಿ ಶೈಲಜಮ್ಮ ಅನ್ನೋರು ಪರೀಕ್ಷೆ ಮಾಡ್ತಾರಂತೆ ಅಂದ್ರು. ನಿಮ್ಮ ಹೆಸರು ಹೇಳಿದ ಮೇಲೆ ನಾನು ಇನ್ನೇನು ಕೇಳ್ಲಿ?”

“ಎಷ್ಟು ಹೊತ್ತಾಯ್ತು?”

“ಅರ್ಧ ಗಂಟೆ ಆಗಿರಬಹುದು. ಮೇಡಂ, ಏನಿತ್ತು ಅದರಲ್ಲಿ?”

ಕೆಳಗಿನ ಡಬ್ಬಿಯಲ್ಲಿ, ಸೀಸದ ನಡುವೆ, ಆ ಕಡ್ಡಿ ಇದ್ದಿರಬೇಕೆಂದು ಸುಪ್ರಜಾ ಹೇಳಿದಳು. ಮುಚ್ಚಿಡುವ ಮಾತಾಗಿರಲಿಲ್ಲ ಅದು. ಆ ಕಡೆ ಆರಾಧನಾ ಅಮ್ಮಾ ಏಳು ಎಂದು ಕೂಗಿದ್ದು ಮಾತ್ರ ಕೇಳಿಸಿತು. ಶ್ರೀಹರಿ ಇರುವ ಆಸ್ಪತ್ರೆಗೇ ಕರೆದುಕೊಂಡು ಹೋಗಿ, ಮಂಚದ ಕೆಳಗೆ ಏನಿತ್ತೆಂದು ಡಾಕ್ಟರಿಗೆ ಮೊದಲು ಹೇಳಿ, ನಿಮ್ಮ ರಕ್ತವನ್ನೂ ನೋಡಿಸಿ ಎಂದು ಸುಪ್ರಜಾ ಹೇಳುತ್ತಿರುವಾಗಲೇ ಫೋನು ಕಟ್ಟಾಯಿತು.

ಅವಳು ನಿಂತಲ್ಲೇ ನಿಂತು ಲೆಕ್ಕ ಹಾಕಿದಳು. ಶೈಲಜಮ್ಮನವರ ಹೆಸರನ್ನು ಆರಾಧನಾ ಮುಂದೆ ಅವಳು ಯಾವತ್ತೂ ಎತ್ತಿರಲಿಲ್ಲ. ಕೋರ್ಟಿನ ಕಾಗದದಲ್ಲಿ ಅದು ಇರಲಿಲ್ಲ. ಈ ಕಟ್ಟಡದೊಳಗೆ ಕಾಲಿಟ್ಟ ಮೇಲೂ ಅದು ಅವಳ ಬಾಯಿಂದ ಬಂದಿರಲಿಲ್ಲ. ಅರ್ಧ ಗಂಟೆ ಹಿಂದೆ, ಪಟ್ಟೆಗಳು ಕಪಾಟಿನ ಕಡೆಗೆ ಬೆರಳು ಮಾಡುವ ಮುಂಚೆಯೇ, ಯಾರೋ ಕಪಾಟಿನಿಂದ ಹೋದದ್ದನ್ನು ತರಲು ಆಳು ಕಳಿಸಿದ್ದರು. ಮಲ್ಲೇಶ್ವರದ ಆ ಊಟದ ಮೇಜಿನ ಸುತ್ತ ಮೂರೇ ಜನ ಇದ್ದದ್ದು. ಒಬ್ಬಳು ತಾನು. ಇನ್ನೊಬ್ಬರು ತನಗೆ ಪಾಠ ಹೇಳಿದ ಗುರು.

ಆ ಕಡ್ಡಿ ಈಗ ಯಾವುದೋ ಸ್ಕೂಟರಿನ ಮೇಲೆ, ಈ ಊರಿನ ಯಾವುದೋ ರಸ್ತೆಯಲ್ಲಿ, ಗೊತ್ತಿಲ್ಲದ ಜನರ ಪಕ್ಕದಲ್ಲಿ ಹೋಗುತ್ತಿತ್ತು. ಪೊಲೀಸರಿಗೆ ಹೇಳದೆ ಅದನ್ನು ತಡೆಯುವ ದಾರಿ ಇರಲಿಲ್ಲ. ಹೇಳಬೇಕಾದ ಪೊಲೀಸರು ಓಬಳಪ್ಪನವರೇ ಆಗಿದ್ದರು.

ಒಣಹಾಕಿದ ಕೋಟುಗಳನ್ನು ಕೈಯಿಂದ ಸರಿಸಿಕೊಂಡು ಓಬಳಪ್ಪ ಈಚೆ ಬಂದರು. ಮುಖದಲ್ಲಿ ಬಿಸಿಲಿನ ದಣಿವು ಬಿಟ್ಟರೆ ಬೇರೇನೂ ಕಾಣಲಿಲ್ಲ.

“ಯಾರಿಗೆ ಮೇಡಂ ಫೋನು?” ಎಂದು ಕೇಳಿದರು.

ಸುಪ್ರಜಾ ಫೋನನ್ನು ಪರ್ಸಿಗೆ ಹಾಕಿಕೊಂಡು ಜಿಪ್ ಎಳೆದಳು.

“ಮನೆಗೆ,” ಅಂದಳು. “ಬರೋದು ತಡ ಆಗತ್ತೆ ಅಂತ ಹೇಳ್ದೆ.”